ದಿನಕ್ಕೆ ಇಪ್ಪತ್ತೈದು ಕಲ್ಲು

ಉಪ್ಪುಂದದಲ್ಲಿ ಕ್ರಿಕೆಟ್ಟಿನ ಬಗ್ಗೆ ಅಭಿಪ್ರಾಯ ಇಲ್ಲದ ಜೀವಗಳು ಎರಡೇ ಎರಡು. ಒಂದು ಬಸ್‌ಸ್ಟ್ಯಾಂಡಿನ ನಾಯಿ, ಇನ್ನೊಂದು ಮೀನಿನ ಸೋಮ. ನಾಯಿಯ ಕಾರಣ ಏನೆಂದು ನಮಗೆ ತಿಳಿಯದು. ಸೋಮನ ಕಾರಣ ಮಾತ್ರ ಇಡೀ ಊರಿಗೆ ಗೊತ್ತು. ಅವನು ಬೇಸ್‌ಬಾಲಿನ ಮನುಷ್ಯ.

ಹದಿನಾಲ್ಕು ವರ್ಷ ಅವನು ಮುಂಬೈಯಲ್ಲಿ ಅಮೆರಿಕದ ಯಾವುದೋ ಕಂಪನಿಯ ಕ್ಯಾಂಟೀನಿನಲ್ಲಿ ಚಹಾ ಕೊಟ್ಟವನು. ಅಲ್ಲಿನ ಟೀವಿಯಲ್ಲಿ ಬೆಳಗಾದರೆ ಇದೇ ಆಟ. ಮೊದಲ ವರ್ಷ ಅವನಿಗೆ ಏನೂ ತಿಳಿಯಲಿಲ್ಲ. ಎರಡನೇ ವರ್ಷ ಅರ್ಧ ತಿಳಿಯಿತು. ಮೂರನೇ ವರ್ಷದಿಂದ ಅಭಿಪ್ರಾಯಗಳು ಹುಟ್ಟತೊಡಗಿದವು. ಅಭಿಪ್ರಾಯ ಹುಟ್ಟುವುದು ಸುಲಭ, ಅದನ್ನು ಕೇಳುವ ಕಿವಿ ಸಿಗುವುದೇ ಕಷ್ಟ. ಆರು ವರ್ಷದ ಹಿಂದೆ ಊರಿಗೆ ಮರಳುವಾಗ ಅವನು ಒಂದು ನೀಲಿ ಟೊಪ್ಪಿ, ಕೆಂಪು ದಾರದ ಹೊಲಿಗೆಯ ಒಂದು ಬಿಳಿ ಚೆಂಡು ಮತ್ತು ಎರಡು ಸಿದ್ಧಾಂತಗಳನ್ನು ತಂದ. ಟೊಪ್ಪಿ ತಲೆಗೆ ಹೋಯಿತು, ಚೆಂಡು ಮದುವೆ ಫೋಟೋದ ಪಕ್ಕಕ್ಕೆ ಹೋಯಿತು, ಸಿದ್ಧಾಂತಗಳು ಹೆಂಡತಿ ಪದ್ದುವಿನ ತಲೆಗೆ ಸುತ್ತಿಕೊಂಡವು.

ಸಿದ್ಧಾಂತ ಒಂದು: ಎಳೆಯ ಆಟಗಾರರನ್ನು ಅವಸರಪಟ್ಟು ದೊಡ್ಡ ತಂಡಕ್ಕೆ ಹತ್ತಿಸಬಾರದು, ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಸಿದ್ಧಾಂತ ಎರಡು: ಚೆಂಡೆಸೆಯುವವನ, ಅಂದರೆ ಆ ಆಟದ ಭಾಷೆಯಲ್ಲಿ ಪಿಚರನ, ಕೈಯೊಳಗೆ ದೇವರು ಇಂತಿಷ್ಟೇ ಎಸೆತ ಇಟ್ಟು ಕಳಿಸಿರುತ್ತಾನೆ. ಅದನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕು.

ಬೆಳಿಗ್ಗೆ ಐದೂವರೆಗೆ ಪದ್ದು ಬಂದರಿನಿಂದ ಮೀನು ತಂದು ಇಳಿಸುವ ಹೊತ್ತಿಗೆ ಸೋಮ ಜಗಲಿಯ ಮೇಲೆ ಮೊಬೈಲಿಗೆ ಬೈಯುತ್ತಿರುತ್ತಿದ್ದ.

"ಇಪ್ಪತ್ತ್ ವರ್ಷದ್ ಗಂಡನ್ನ್ ದೊಡ್ಡ್ ತಂಡಕ್ಕೆ ಹತ್ತ್ಸಿರಲೆ! ಕೈ ಹಾಳ್ ಮಾಡ್ತ್ರ್ ಕಾಣ್ ಪದ್ದು, ಕೈ ಹಾಳ್ ಮಾಡ್ತ್ರ್!"

"ಯಾರ್ ಮನಿ ಗಂಡ್?"

"ಅಮೆರಿಕದ್."

"ಅದನ್ನ್ ಕಾಂಬುಕೆ ಅದ್ರ್ ಅಪ್ಪ ಅಬ್ಬಿ ಇದ್ರಲೆ. ನೀವ್ ಪೆಟ್ಟಿಗಿಗೆ ಐಸ್ ತುಂಬ್ಸಿ."

ಸೋಮ ಬಿಡುವವನಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ಯಾಕೆ? ಮರಿ ಬೆಳೆಯಲಿ ಅಂತ. ಮೇಳದಲ್ಲಿ ನಿನ್ನೆ ಕೋಡಂಗಿ ಕುಣಿದವನಿಗೆ ಇವತ್ತೇ ಎರಡನೇ ವೇಷದಂಥ ದೊಡ್ಡ ಪಾತ್ರ ಕೊಡುತ್ತಾರೆಯೇ? ಮೀನಿಗೂ ಯಕ್ಷಗಾನಕ್ಕೂ ಇರುವ ಬುದ್ಧಿ ಅಮೆರಿಕಕ್ಕೆ ಯಾಕಿಲ್ಲ? ಇದು ಅವನ ಪ್ರಶ್ನೆ. ಉತ್ತರ ಕೊಡಬೇಕಾದವರು ಹತ್ತು ಸಾವಿರ ಮೈಲಿ ದೂರದಲ್ಲಿ ಇದ್ದುದರಿಂದ ಚರ್ಚೆ ಮುಂದುವರಿಯುತ್ತಿರಲಿಲ್ಲ.

ಹೀಗಿದ್ದ ಸೋಮನ ಬದುಕಿನಲ್ಲಿ ಮೇ ತಿಂಗಳ ಮೊದಲ ವಾರ ಒಬ್ಬಳು ನಿಜವಾದ ಪಿಚರ್ ಪ್ರತ್ಯಕ್ಷವಾದಳು. ಅದೂ ಕೆರಾಡಿಯ ಆಚೆ, ಹಾಡಿಬೆಟ್ಟು ಎಂಬ ಕಾಡಂಚಿನ ಊರಿನಲ್ಲಿ.

ಅಂದು ಅವನು ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಎಂದಿನಂತೆ ಭೋಜ ಶೆಟ್ಟರ ಅಂಗಳಕ್ಕೆ ಬಂದಿದ್ದ. ಶೆಟ್ಟರ ಹೆಂಡತಿ ಸರಸಕ್ಕ ಪಾತ್ರೆ ಹಿಡಿದು ನಿಂತಿದ್ದರು. ಒಂದು ಕೆಜಿ ಬಂಗುಡೆ ತೂಗುತ್ತಿರುವಾಗ ತೆಂಗಿನ ಮರದಲ್ಲಿ ಗಲಾಟೆಯಾಯಿತು.

"ಅಕ್ಷಯಾ, ಮಂಗ ಬಂತ್ ಕಾಣ್!" ಎಂದು ಸರಸಕ್ಕ ಕೂಗಿದರು.

ಒಳಗಿನಿಂದ ಹದಿನಾರು ವರ್ಷದ ಹುಡುಗಿಯೊಬ್ಬಳು ಎಡಗೈಯಲ್ಲಿ ಪುಸ್ತಕ ಹಿಡಿದುಕೊಂಡೇ ಬಂದಳು. ಬಗ್ಗಿ ಒಂದು ಕಲ್ಲು ಎತ್ತಿದಳು, ಒಂದು ಕಾಲು ಮುಂದಿಟ್ಟಳು, ಬೀಸಿದಳು. ಕಲ್ಲು ಐವತ್ತು ಅಡಿ ಎತ್ತರದ ಸೋಗೆಯ ದಂಟಿಗೆ, ಮಂಗ ಕೂತಲ್ಲಿಂದ ಸರಿಯಾಗಿ ಒಂದು ಗೇಣು ಈಚೆಗೆ, ಟಪ್ಪೆಂದು ಬಡಿಯಿತು. ಮಂಗ ಪಕ್ಕದ ಮರಕ್ಕೆ ಹಾರಿತು. ಎರಡನೇ ಕಲ್ಲು ಅಲ್ಲಿಯೂ ಒಂದು ಗೇಣು ಈಚೆಗೆ. ಮೂರನೆಯದಕ್ಕೆ ಇಡೀ ಹಿಂಡು ಕಾಡಿನ ದಾರಿ ಹಿಡಿಯಿತು.

ಸೋಮನ ಬಾಯಿ ತೆರೆದೇ ಇತ್ತು. "ಒಂದೂ ತಾಗ್ಲಿಲ್ಲೆ ಅಲೆ?" ಎಂದ.

"ತಾಗುಕಾಗ ಸೋಮಣ್ಣ. ಹನುಮಂತ ಅಂತ್ರ್ ಅಬ್ಬಿ. ಗೇಣ್ ದೂರಕ್ಕೆ ಹೊಡ್ದ್ರೆ ಸಾಕ್, ಹೋತ್ತೊ."

ಗೇಣು ದೂರಕ್ಕೆ! ಬೇಕೆಂದೇ! ಸೋಮನಿಗೆ ಮೈ ಜುಮ್ಮೆಂದಿತು. ಕೋಟಿಗಟ್ಟಲೆ ಸಂಬಳದ ಪಿಚರುಗಳು ಆ ಒಂದು ಗೇಣಿಗಾಗಿ ಒದ್ದಾಡುವುದನ್ನು ಅವನು ಕಣ್ಣಾರೆ ಕಂಡವನು. ಆ ಗಲಿಬಿಲಿಯಲ್ಲಿ ಅವನು ತಕ್ಕಡಿಗೆ ಮೂರು ಕೆಜಿ ಬಂಗುಡೆ ಹಾಕಿದ. ಸರಸಕ್ಕ ಮಾತಾಡದೆ ಪಾತ್ರೆಗೆ ಮುಚ್ಚಳ ಮುಚ್ಚಿದರು.

"ದಿನಕ್ಕೆ ಎಷ್ಟ್ ಹೊಡಿತೆ ಮಗಾ?"

"ಯಾರ್ ಎಣ್ಸಿರ್? ನೂರೈವತ್ತ್ ಇಪ್ಪುದ್. ಹಲಸಿನಹಣ್ಣ್ ಆಪ್ ಹೊತ್ತಿಗೆ ಇನ್ನೂರ್."

ಸೋಮ ಸ್ಕೂಟರು ಹಿಡಿದುಕೊಂಡು ಹಾಗೆಯೇ ನೆಲಕ್ಕೆ ಕುಳಿತ. ಇನ್ನೂರು! ಈ ಲೆಕ್ಕದಲ್ಲಿ ದೀಪಾವಳಿಯೊಳಗೆ ಈ ಹುಡುಗಿಯ ಮೊಣಕೈ ಮುಗಿಯಿತು. ದೇವರು ಕೊಟ್ಟ ಎಸೆತಗಳನ್ನೆಲ್ಲ ಮಂಗಗಳಿಗೆ ಹಂಚುತ್ತಿದ್ದಾಳೆ!

ಅವನ ಮೊಬೈಲಿಗೆ ಒಂದು ಸುದ್ದಿ ಬಂದು ವಾರವಾಗಿತ್ತು: ಮೇ ಕೊನೆಯ ಭಾನುವಾರ ಬ್ರಹ್ಮಾವರದ ಒಂದು ಶಾಲೆಯ ಮೈದಾನದಲ್ಲಿ ಜಿಲ್ಲೆಯ ಜೂನಿಯರ್ ಹೆಣ್ಣುಮಕ್ಕಳ ಬೇಸ್‌ಬಾಲ್ ತಂಡಕ್ಕೆ ಆಯ್ಕೆ. ಅದನ್ನು ಅವನು ಅಕ್ಷಯಾಳಿಗೆ ಹೇಳಿದ. ಬೇಸ್‌ಬಾಲ್ ಎಂದರೇನೆಂದೂ ಹೇಳಿದ, ಅದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹುಡುಗಿಗೆ ಅರ್ಥವಾದದ್ದು ಒಂದೇ: ಗುರಿಗೆ ಎಸೆಯಬೇಕು, ಜನ ನೋಡುತ್ತಾರೆ.

"ನಾನ್ ಹೋತೆ ಸೋಮಣ್ಣ," ಎಂದಳು ಅವಳು. "ಇಷ್ಟ್ ವರ್ಷ ನಾನ್ ಹೊಡುದನ್ನ ಮಂಗ ಬಿಟ್ರೆ ಯಾರೂ ಕಾಣಲಿಲ್ಲೆ."

ಅಪ್ಪ ಭೋಜ ಶೆಟ್ಟರು ಮಾತ್ರ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಆ ದಿನ ಮಂಗ ಓಡ್ಸುದ್ ಯಾರ್? ಬಾಳಿಗೊನಿ ಬೆಳಿತಾ ಇತ್ತ್. ಕಾಂಬ," ಎಂದರು. ಶೆಟ್ಟರ ಬಾಯಲ್ಲಿ 'ಕಾಂಬ', ಅಂದರೆ ನೋಡೋಣ, ಎಂಬುದು ಬರುವುದೇ ಅಪರೂಪ, ಅದು ಬಂಗುಡೆಯ ಪ್ರಭಾವ ಎಂದು ಸರಸಕ್ಕ ಕಣ್ಣಿನಲ್ಲೇ ಹೇಳಿದರು.

ಅಂದೇ ಸೋಮ ಕಾನೂನು ಹೊರಡಿಸಿದ. ದಿನಕ್ಕೆ ಇಪ್ಪತ್ತೈದು ಕಲ್ಲು, ಮರುದಿನ ಪೂರ್ತಿ ರಜೆ. ಅದನ್ನು ಕಾಯಲು ಒಂದು ನೋಟುಪುಸ್ತಕ ತಂದ. ಬೆಳಿಗ್ಗೆ ಬಂದು ಹಲಸಿನ ಮರದ ಅಡಿ ನಿಂತು, ಟೊಪ್ಪಿ ಹಾಕಿಕೊಂಡು, ಒಂದು ಕಲ್ಲಿಗೆ ಒಂದು ಗೀಟು ಎಳೆಯತೊಡಗಿದ.

ಅಪಾಯ ಯಾವಾಗಲೂ ಬೇಲಿಯ ಆಚೆ ಕಡೆಯಿಂದ ಬರುತ್ತದೆ. ಇಲ್ಲಿ ಬೇಲಿಯ ಆಚೆ ಇದ್ದವರು ನೆರೆಮನೆಯ ದುಗ್ಗಪ್ಪ.

"ಹ್ವಾಯ್ ಸೋಮ, ಎಂತ ಬರುದ್?"

"ಲೆಕ್ಕ ದುಗ್ಗಪ್ಪಣ್ಣ. ದಿನಕ್ಕೆ ಎಷ್ಟ್ ಅಂದೇಳಿ."

"ಮಂಗದ್ದಾ?"

ಸೋಮನ ಕಣ್ಣು ಅಕ್ಷಯಾಳ ಮೊಣಕೈ ಮೇಲೆ ನೆಟ್ಟಿತ್ತು. ಕಿವಿ ಕೆಲಸ ಮಾಡುತ್ತಿರಲಿಲ್ಲ. "ಹ್ಞಾಂ ಹ್ಞಾಂ," ಎಂದ.

"ಸರ್ಕಾರದಿಂದ ಹೇಳಿರಾ?"

"ಹ್ಞಾಂ... ಇಪ್ಪತ್ತ್‌ಮೂರ್, ಇಪ್ಪತ್ತ್‌ನಾಲ್ಕ್... ಸಾಕ್ ಮಗಾ, ಒಂದೇ ಬಾಕಿ! ಇಪ್ಪತ್ತೈದ್ ಆದ್ ಮೇಲೆ ಒಂದೂ ಹೊಡುಕಾಗ! ನಾಳೆ ರಜೆ!"

ದುಗ್ಗಪ್ಪ ಬೇಲಿಯ ಮೇಲಿಂದ ಕೈ ತೆಗೆದು, ಪಂಚೆ ಬಿಗಿದು, ನೆಟ್ಟಗೆ ರಸ್ತೆಗೆ ಹೋದರು.

ನಾವು ದುಗ್ಗಪ್ಪನವರನ್ನು ದಡ್ಡರೆನ್ನಬಾರದು. ಮಂಗಗಳಿಂದಾದ ಬೆಳೆ ನಷ್ಟಕ್ಕೆ ಪರಿಹಾರ ಕೊಡುತ್ತಾರೆ, ಅದಕ್ಕೆ ಮೊದಲು ಮಂಗಗಳ ಗಣತಿ ನಡೆಯುತ್ತದೆ ಎಂಬ ಸುದ್ದಿ ಹಾಡಿಬೆಟ್ಟಿನಲ್ಲಿ ಒಂದು ವರ್ಷದಿಂದ ಸುತ್ತುತ್ತಿತ್ತು. ಆದರೆ ಎಣಿಸುವವನು ಮೀನಿನವನೇ? ಯಾಕಾಗಬಾರದು? ಜನಗಣತಿ ಶಾಲೆಯ ಮಾಸ್ತರರು ಮಾಡಿದರು. ಸೊಳ್ಳೆ ಎಲ್ಲಿದೆ ಎಂದು ಆಶಾ ಕಾರ್ಯಕರ್ತೆ ಬಂದು ನೋಡಿದಳು. ಮನೆ ಮನೆಗೆ ಚೀಟಿ ಅಂಟಿಸಿ ಹೋದವನು ಕರೆಂಟಿನ ಮೀಟರ್ ಓದುವವನು. ಯಾವ ಕೆಲಸ ಯಾರಿಗೆ ಎಂಬುದನ್ನು ಸರ್ಕಾರ ಚೀಟಿ ಎತ್ತಿ ನಿರ್ಧರಿಸುತ್ತದೆ ಎಂದು ಹಾಡಿಬೆಟ್ಟು ಎಂದೋ ಒಪ್ಪಿಕೊಂಡಿತ್ತು. ಹೇಗೂ ದಿನಾ ಬರುವವನು, ಕೈಯಲ್ಲಿ ತಕ್ಕಡಿ ಬೇರೆ ಇದೆ. ಮಂಗ ಮೀನಿನವನ ಪಾಲಿಗೆ ಬಂದಿರಬೇಕು ಎಂದು ಎಲ್ಲರೂ ತಲೆದೂಗಿದರು.

ಮರುದಿನದಿಂದ ಸೋಮನ ವ್ಯಾಪಾರ ಏರಿತು. ಶನಿವಾರ ಮೀನು ಮುಟ್ಟದವರೂ ಶನಿವಾರವೇ ಕೊಂಡರು. ಹೋದಲ್ಲೆಲ್ಲ ಎಳನೀರು, ಹೋದಲ್ಲೆಲ್ಲ "ಕೂಕಣಿ", ಕುಳಿತುಕೊಳ್ಳಿ ಎಂಬ ಮರ್ಯಾದೆ. ಕೊನೆಗೂ ಒಂದು ಊರು ಬೇಸ್‌ಬಾಲಿನ ಬೆಲೆ ಅರಿಯಿತು ಎಂದು ಸೋಮ ಒಳಗೊಳಗೇ ಕರಗಿದ.

ಕೆಳಗಿನ ಮನೆಯ ವನಜಕ್ಕ ಅವನನ್ನು ಚಾವಡಿಯಲ್ಲಿ ಕೂರಿಸಿ ನೇರ ವಿಷಯಕ್ಕೆ ಬಂದರು. "ನಮ್ಮ ಬದಿಯಂಗೆ ನಲವತ್ತ್ ಇತ್ತ್ ಸೋಮ. ಬರ್ಕೊ. ಮರಿ ಸೇರ್ಸಿರೆ ಅರವತ್ತ್."

ನಲವತ್ತು ಕಲ್ಲೆಸೆಯುವವರು ಒಂದೇ ಮನೆಯ ಬದಿಯಲ್ಲಿ! ಸೋಮನಿಗೆ ತಲೆ ತಿರುಗಿತು. ಆದರೆ ಸಿದ್ಧಾಂತ ಸಿದ್ಧಾಂತವೇ. "ಮರಿ ಈಗ್ಲೇ ಸೇರ್ಸುಕಾಗ ವನಜಕ್ಕ. ಎರಡ್ ವರ್ಷ ಬೆಳಿಲಿ. ಆಮೇಲೆ ಕಾಂಬ."

"ಎರಡ್ ವರ್ಷವಾ! ಅಷ್ಟ್‌ರೊಳಗೆ ತೋಟ ಉಳಿತ್ತಾ? ಮರಿ ಅಂದ್ರೆ ಕಮ್ಮಿ ತಿಂತ್ತೊ ಅಂದೇಳಿ ಮಾಡಿದ್ಯಾ?"

"ತಿಂಬುದ್ ತಿನ್ಲಿ ವನಜಕ್ಕ, ಚೆಂದ ಮಾಡಿ ತಿನ್ಲಿ. ಬೆಳೂ ಪ್ರಾಯ ಅಲ್ದಾ? ಹಾಲ್, ಮೊಟ್ಟೆ ಕೊಡಿ."

ಮಂಗದ ಮರಿಗಳಿಗೆ ಹಾಲು, ಮೊಟ್ಟೆ ಕೊಡಬೇಕು ಎಂಬ ಹೊಸ ನಿಯಮವನ್ನು ಅಂದು ಸಂಜೆ ವನಜಕ್ಕ ಹಾಲಿನ ಡೈರಿಯಲ್ಲಿ ಸಿಕ್ಕವರಿಗೆಲ್ಲ ಕಣ್ಣೀರು ಹಾಕಿಕೊಂಡು ಹೇಳಿದರು.

ಹಾಲು ಮೊಟ್ಟೆಯನ್ನು ಊರು ಒಪ್ಪಲಿಲ್ಲ. ಆದರೆ ಇಪ್ಪತ್ತೈದು ಕಲ್ಲಿನ ನಿಯಮವನ್ನು ಮೀರುವ ಧೈರ್ಯ ಯಾರಿಗೂ ಬರಲಿಲ್ಲ. ಮೀರಿದರೆ ಪರಿಹಾರ ಸಿಗದು ಎಂದು ದುಗ್ಗಪ್ಪ ತಾವಾಗಿಯೇ ಒಂದು ಉಪನಿಯಮ ಸೇರಿಸಿದ್ದರು. ಮನೆ ಮನೆಯ ಜಗಲಿಯಲ್ಲಿ ಬಕೆಟಿಗೆ ಇಪ್ಪತ್ತೈದು ಕಲ್ಲು ಎಣಿಸಿ ಇಟ್ಟರು. ಹತ್ತು ಗಂಟೆಯೊಳಗೆ ಬಕೆಟ್ ಖಾಲಿಯಾದವರು ಪಕ್ಕದ ಮನೆಗೆ ಹೋಗಿ "ನಿಮ್ಮಲ್ಲ್ ಉಳ್ದಿದ್ರೆ ನಾಲ್ಕ್ ಕೊಡಿ, ನಾಳಿದ್ದ್ ಕೊಡುವ" ಎಂದು ಕೇಳುವಂತಾಯಿತು. ಕಾಡಂಚಿನ ಊರಿನಲ್ಲಿ, ಕಲ್ಲಿಗೆ ಬರ!

ಮಂಗಗಳು ಮೂರು ದಿನ ಇದನ್ನೆಲ್ಲ ಅಧ್ಯಯನ ಮಾಡಿದವು. ನಾಲ್ಕನೇ ದಿನ, ಯಾವ ಮನೆಗೆ ಯಾವತ್ತು ರಜೆ ಎಂಬುದು ಅವಕ್ಕೆ ಊರಿನವರಿಗಿಂತ ಚೆನ್ನಾಗಿ ಗೊತ್ತಿತ್ತು. ವಾರದೊಳಗೆ ಹಾಡಿಬೆಟ್ಟಿನಲ್ಲಿ ಬಾಳೆಗೊನೆ ಎಂಬುದು ನೆನಪಾಗಿ ಉಳಿಯಿತು.

ಊರವರು ಗ್ರಾಮ ಪಂಚಾಯತಿಗೆ ನುಗ್ಗಿದರು. "ಇಪ್ಪತ್ತೈದ್ ಕಲ್ಲಿಗೆ ಯಾವ್ ಮಂಗ ಹೋತ್ತ್ ಮೇಡಂ? ಐವತ್ತ್ ಮಾಡಿ ಕೊಡಿ!"

ಪಿಡಿಒ ಪ್ರಫುಲ್ಲಾ ಮೇಡಂ ಬುದ್ಧಿವಂತೆ. ಅಂಥ ಆದೇಶ ಇಲ್ಲ ಎಂಬ ಮಾತು ಅವರ ಬಾಯಿಗೆ ಬಂದಿತ್ತು. ಆದರೆ ವಾಟ್ಸಾಪ್ ಗುಂಪಿನಲ್ಲಿ ಬಂದ ಮುನ್ನೂರು ಸುತ್ತೋಲೆಗಳನ್ನು ಓದಲು ಬಾಕಿ ಇತ್ತು. ಇಲ್ಲ ಎಂದ ಮೇಲೆ ಇದ್ದರೆ? ಇದೆ ಎಂದ ಮೇಲೆ ಇಲ್ಲದಿದ್ದರೆ? ಎರಡಕ್ಕೂ ಮದ್ದು ಎಂದರೆ ಮೇಲಿನ ಕಚೇರಿಗೆ ಪತ್ರ. ಬರೆದರು: "ವಿಷಯ: ಮಂಗಗಳಿಗೆ ಕಲ್ಲೆಸೆಯುವ ದೈನಿಕ ಮಿತಿಯ ಬಗ್ಗೆ. ಸದರಿ ಮಿತಿಯು ಇಪ್ಪತ್ತೈದು ಎಂದು ಗ್ರಾಮಸ್ಥರು ತಿಳಿಸಿದ್ದು, ಕಲ್ಲಿನ ಗಾತ್ರದ ಕುರಿತು ಸ್ಪಷ್ಟೀಕರಣ ಕೋರಿದೆ."

ಮೇಲಿನ ಕಚೇರಿಯಲ್ಲಿಯೂ ಬುದ್ಧಿವಂತರೇ ಇದ್ದರು. ಆರೇ ದಿನದಲ್ಲಿ ಉತ್ತರ ಬಂತು: "ಮಿತಿಯು ಇಪ್ಪತ್ತೈದು ಎಂಬುದನ್ನು ಗಮನಿಸಲಾಗಿದೆ. ಕಟ್ಟುನಿಟ್ಟಾಗಿ ಪಾಲಿಸಿ ವರದಿ ಸಲ್ಲಿಸುವುದು. ಗಾತ್ರದ ಬಗ್ಗೆ ಪ್ರತ್ಯೇಕವಾಗಿ ತಿಳಿಸಲಾಗುವುದು."

ಹೀಗೆ ಸೋಮನ ಎರಡನೇ ಸಿದ್ಧಾಂತ, ಅಮೆರಿಕದಲ್ಲಿಯೂ ಸಿಗದ ಗೌರವ ಪಡೆದು, ಮೊಹರು ಸಮೇತ ಹಾಡಿಬೆಟ್ಟಿನಲ್ಲಿ ಜಾರಿಗೆ ಬಂತು. ಪಾಪ, ಸೋಮನಿಗೆ ಒಬ್ಬನಿಗೇ ಇದು ಗೊತ್ತಿರಲಿಲ್ಲ.

ಶನಿವಾರ ಪಂಚಾಯತಿಯಲ್ಲಿ ಸಭೆ, ಸೋಮ ಬರಲೇಬೇಕು ಎಂದು ದುಗ್ಗಪ್ಪ ಫೋನು ಮಾಡಿದರು. ಮರುದಿನ ಭಾನುವಾರ ಬ್ರಹ್ಮಾವರದ ಆಯ್ಕೆ. ಹಿಂದಿನ ದಿನ ಊರು ಸೇರಿಸಿ ಕರೆಯುತ್ತಾರೆ ಎಂದರೆ ಅದು ಸನ್ಮಾನವಲ್ಲದೆ ಇನ್ನೇನು? ಸೋಮ ಇಸ್ತ್ರಿ ಮಾಡಿದ ಅಂಗಿ ಹಾಕಿದ.

"ಹಣ್ಣಿನ್ ಬುಟ್ಟಿ ಕೊಟ್ರೆ ಬಾಳಿಹಣ್ಣ್ ಅಲ್ಲೇ ತಿಂದ್ ಬರ್ಬೇಡಿ," ಎಂದಳು ಪದ್ದು.

ಸಭೆಯಲ್ಲಿ ಹಾರವೂ ಕಾಣಲಿಲ್ಲ, ಬುಟ್ಟಿಯೂ ಕಾಣಲಿಲ್ಲ. ಎಂಬತ್ತು ಮುಖಗಳಿದ್ದವು, ಒಂದರಲ್ಲೂ ನಗು ಇರಲಿಲ್ಲ. ಹಳ್ಳಿಯ ಜನ ಸಂಕೋಚದವರು ಎಂದುಕೊಂಡು ಸೋಮ ತಾನೇ ಎದ್ದು ನಿಂತ.

"ಎಲ್ಲರಿಗೂ ನಮಸ್ಕಾರ. ಇಪ್ಪತ್ತೈದ್ ಕಮ್ಮಿ ಆಯ್ತ್ ಅಂದೇಳಿ ಕೆಲವ್ರಿಗೆ ಕಾಂತ್ತ್. ಆದ್ರೆ ಮುಂದಿನದ್ ನೋಡ್ಕ್. ಈಗ ಅವಸರ ಮಾಡಿರೆ ಎರಡ್ ವರ್ಷದಂಗೆ ಕೈ ಹೋತ್ತ್. ಕೈ ಹೋದ್ ಮೇಲೆ ಎಂತ ಇತ್ತ್ ಮಾರ್ರೆ?"

"ಕೈ ಅಲ್ಲ, ಬಾಳಿಗೊನಿ ಹೋಯ್ತ್!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೋಯ್ಲಿ! ಗೊನಿ ಇನ್ನೊಂದ್ ಬತ್ತ್!"

ಸಭೆ ಎದ್ದು ನಿಂತಿತು. ವನಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಮ್ಮ್ ನಷ್ಟಕ್ಕೆ ಪರಿಹಾರ ಎಷ್ಟ್ ಬರ್ದಿದ್ದೆ, ಅದನ್ನ್ ಹೇಳ್ ಮೊದ್ಲ್!"

"ಎಂತ ಪರಿಹಾರ?" ಎಂದ ಸೋಮ.

"ಮಂಗದ್ದ್!"

"ಎಂತ ಮಂಗ?"

ಆಗ ಇಡೀ ಸಭೆ ಸೋಮನನ್ನು ನೋಡಿತು, ಸೋಮ ಪ್ರಫುಲ್ಲಾ ಮೇಡಮ್ಮನ್ನು ನೋಡಿದ, ಮೇಡಂ ಆದೇಶದ ಕಡತವನ್ನು ನೋಡಿದರು. ಕಡತಕ್ಕೆ ನೋಡಲು ಯಾರೂ ಇರಲಿಲ್ಲ. ಮೂಲೆಯಿಂದ ಅಕ್ಷಯಾಳ ಸಣ್ಣ ಸ್ವರ ಬಂತು.

"ಮೇಡಂ, ಸೋಮಣ್ಣ ಮಂಗ ಎಣ್ಸಿದ್ದಲ್ಲ. ನಾನ್ ಹೊಡ್ದ್ ಕಲ್ಲ್ ಎ‌ಣ್ಸಿದ್ದ್. ಆ ಇಪ್ಪತ್ತೈದ್ ನಂಗೊಬ್ಳಿಗೇ. ನಾಳೆ ಬ್ರಹ್ಮಾವರದಂಗೆ ಆಯ್ಕೆ ಇತ್ತ್, ಕೈ ಹಾಳಾಪುಕಾಗ ಅಂದೇಳಿ."

ಎಲ್ಲರ ಕತ್ತುಗಳೂ ದುಗ್ಗಪ್ಪನ ಕಡೆ ತಿರುಗಿದವು. ದುಗ್ಗಪ್ಪ ಸೀಲಿಂಗ್ ಫ್ಯಾನನ್ನು ಪರೀಕ್ಷಿಸತೊಡಗಿದರು.

"ಹಾಂಗಾರೆ ಈ ಆದೇಶ?" ಎಂದು ಮೇಡಂ ಕಡತ ಎತ್ತಿ ಹಿಡಿದರು.

"ಆದೇಶ ನಿಜವೇ ಮೇಡಂ," ಎಂದರು ದುಗ್ಗಪ್ಪ ಫ್ಯಾನಿನಿಂದ ಕಣ್ಣು ಕೀಳದೆ. "ನೀವೇ ಅಲ್ದಾ ತರ್ಸಿದ್ದ್?"

ಭೋಜ ಶೆಟ್ಟರು ಇಷ್ಟು ಹೊತ್ತು ಸುಮ್ಮನಿದ್ದವರು ಎದ್ದರು. ಅವರ ಮುಖ ಕೆಂಪಾಗಿತ್ತು. ಇಡೀ ಊರಿನ ಬಾಳೆ ಹೋದದ್ದು ತಮ್ಮ ಮನೆಯ ಅಂಗಳದಿಂದ ಎಂಬುದು ಅವರಿಗೆ ಈಗ ಹೊಳೆದಿತ್ತು. "ನಾಳೆ ಬ್ರಹ್ಮಾವರವೂ ಇಲ್ಲೆ, ಎಂತವೂ ಇಲ್ಲೆ," ಎಂದರು ಮಗಳಿಗೆ. "ಮನೆಯಂಗ್ ಕೂಕೊ. ಸೋಮ, ನೀ ಇನ್ನ್ ನಮ್ಮ್ ಅಂಗಳಕ್ಕೆ ಬಪ್ಪುದ್ ಬ್ಯಾಡ."

ಅಕ್ಷಯಾ ಅಳಲಿಲ್ಲ. ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನೆಲ ನೋಡುತ್ತಾ ನಿಂತಳು. ಅಮೆರಿಕದ ತನ್ನ ನೆಚ್ಚಿನ ತಂಡ ಹದಿನೆಂಟು ವರ್ಷ ಸತತವಾಗಿ ಸೋತಾಗಲೂ ಸೋಮನಿಗೆ ಇಷ್ಟು ನೋವಾಗಿರಲಿಲ್ಲ.

ಅಷ್ಟರಲ್ಲಿ ಕಿಟಕಿಯಿಂದ ಒಂದು ದೊಡ್ಡ ಗಂಡು ಮಂಗ ಒಳಗೆ ಬಂತು. ಯಾವ ಗಡಿಬಿಡಿಯೂ ಇಲ್ಲದೆ ಮೇಜಿನ ಮೇಲೆ ಕುಳಿತು, ಮೇಡಮ್ಮಿನ ಊಟದ ಡಬ್ಬಿಯನ್ನು ಮೂಸಿ, ಬೇಡವೆಂದು ಬಿಟ್ಟು, ಆದೇಶದ ಕಡತವನ್ನು ಎತ್ತಿಕೊಂಡು ಹೊರಗಿನ ಹಲಸಿನ ಮರದ ತುದಿಗೆ ಹೋಯಿತು.

"ಅಯ್ಯೋ, ಅದ್ರೊಳಗೆ ಎಲ್ಲ ಮನೆಯವರ ಪರಿಹಾರದ ಅರ್ಜಿ ಇತ್ತ್!" ಎಂದು ಮೇಡಂ ಚೀರಿದರು. "ಹೊಡಿನಿ! ಯಾರಾರೂ ಕಲ್ಲ್ ಹೊಡಿನಿ!"

ಯಾರೂ ಅಲುಗಲಿಲ್ಲ. "ನಮ್ಮ್ ಇಪ್ಪತ್ತೈದ್ ಬೆಳಿಗ್ಗೆಯೇ ಮುಗಿತ್ ಮೇಡಂ," ಎಂದರು ವನಜಕ್ಕ ಗಂಭೀರವಾಗಿ. "ನಮ್ದ್ ಇವತ್ತ್ ರಜೆ," ಎಂದರು ಇನ್ನೊಬ್ಬರು. "ಆರ್ಡರ್ ಇತ್ತಲೆ."

ಮಂಗ ಮೊದಲ ಹಾಳೆಯನ್ನು ಕಿತ್ತು ಗಾಳಿಗೆ ಬಿಟ್ಟಿತು. ಮುಂದಿನದು ಅರ್ಜಿಗಳ ಸರದಿ. ಅಕ್ಷಯಾ ತಲೆಯೆತ್ತಿ ಸೋಮನನ್ನು ನೋಡಿದಳು. ಅಪ್ಪನನ್ನಲ್ಲ, ಸೋಮನನ್ನು.

"ಸೋಮಣ್ಣ, ಒಂದೇ?"

ಇವತ್ತು ಅವಳ ರಜೆಯ ದಿನ. ನಾಳೆ ಆಯ್ಕೆ, ಹೋಗುವುದೇ ಇಲ್ಲದ ಆಯ್ಕೆ. ಹಿಂದಿನ ದಿನ ಕೈ ಮುಟ್ಟಬಾರದು ಎಂಬುದು ಸಿದ್ಧಾಂತದ ಬೆನ್ನೆಲುಬು. ಸೋಮ ಕಣ್ಣು ಮುಚ್ಚಿದ. "ಒಂದೇ," ಎಂದ. "ಅದೂ ನಿಧಾನಕ್ಕೆ."

ನಿಧಾನಕ್ಕೆ ಎಂಬುದು ಅವಳಿಗೆ ಕೇಳಿಸಿತೋ ಇಲ್ಲವೋ. ಕಲ್ಲು ಹೋದದ್ದು ಯಾರಿಗೂ ಕಾಣಲಿಲ್ಲ, ಕೊಂಬೆಗೆ ಬಡಿದ ಸದ್ದು ಕೇಳಿತು. ಮಂಗನ ಕೈಯಿಂದ ಸರಿಯಾಗಿ ಒಂದು ಗೇಣು. ಕಡತ ಕೆಳಗೆ ಬಿತ್ತು, ಮಂಗ ಮೇಲಕ್ಕೆ ಹೋಯಿತು.

ಹಾಡಿಬೆಟ್ಟಿನ ಜನ ತಮ್ಮ ನೆರೆಮನೆಯ ಹುಡುಗಿ ಕಲ್ಲೆಸೆಯುವುದನ್ನು ಹತ್ತು ವರ್ಷದಿಂದ ಕೇಳಿದ್ದರು, ಕಣ್ಣಿಟ್ಟು ನೋಡಿದ್ದು ಅಂದೇ. ಮೊದಲು ಬಾಯಿ ಬಿಟ್ಟವರು ವನಜಕ್ಕ.

"ಶೆಟ್ರೆ, ಈ ಹೆಣ್ಣನ್ನ ಮನೆಯಂಗ್ ಕೂರ್ಸ್‌ತ್ರಿಯಾ? ನಾಳೆ ನಿಮ್ಮ್ ತೋಟ ನಾವ್ ಕಾಯ್ತೊ."

"ಏಳ್ ಜನ ಇದ್ದೊ," ಎಂದರು ದುಗ್ಗಪ್ಪ, ಪ್ರಾಯಶ್ಚಿತ್ತದ ದಾರಿ ಸಿಕ್ಕಿದ ಖುಷಿಯಲ್ಲಿ.

ಭೋಜ ಶೆಟ್ಟರು ಮಗಳನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಸರಸಕ್ಕ ಆಗಲೇ ನಾಳೆಯ ಬುತ್ತಿಗೆ ಅವಲಕ್ಕಿಯೋ ಕೊಟ್ಟೆ ಕಡುಬೋ ಎಂದು ಪಕ್ಕದವರ ಹತ್ತಿರ ಕೇಳುತ್ತಿದ್ದರು. "ಆರ್ ಗಂಟಿಗೆ ಹೊರಡ್ಕ್," ಎಂದರು ಶೆಟ್ಟರು ಮತ್ತು ಹೊರಗೆ ಹೋಗಿ ತಮ್ಮ ಓಮ್ನಿ ವ್ಯಾನಿನ ಟಯರಿಗೆ ಒದ್ದು ನೋಡಿದರು.

ಭಾನುವಾರ ಓಮ್ನಿಯಲ್ಲಿ ಸೋಮ ಮದುವೆ ಫೋಟೋದ ಪಕ್ಕದ ಚೆಂಡನ್ನು ತಂದು ಅಕ್ಷಯಾಳ ಕೈಗಿಟ್ಟ. ಅದನ್ನು ಪದ್ದು ಕೂಡ ಮುಟ್ಟಿದವಳಲ್ಲ. "ಹಿಡ್ಕಂಡ್ ಕೂಕೊ. ಕೈಗೆ ರೂಢಿ ಆಯ್ಲಿ," ಎಂದ.

ಮೈದಾನದಲ್ಲಿ ಆಯ್ಕೆಯ ಉಸ್ತುವಾರಿ ಜಿತೇಂದ್ರ ಮಾಸ್ಟ್ರದ್ದು. ಅಕ್ಷಯಾಳ ಮೊದಲ ಎಸೆತಕ್ಕೆ ಅವರು ಬರೆಯುವುದನ್ನು ನಿಲ್ಲಿಸಿದರು. ಐದನೆಯದಕ್ಕೆ ಪೆನ್ನು ಜೇಬಿಗೆ ಹಾಕಿದರು. ಬ್ಯಾಟು ಹಿಡಿದು ನಿಂತ ಹುಡುಗಿಯ ಮೈಯಿಂದ ಒಂದು ಗೇಣು ದೂರದಲ್ಲಿ ಚೆಂಡು ಹೋಗುತ್ತಿತ್ತು, ಪ್ರತಿ ಸಲವೂ. ಇಪ್ಪತ್ತೈದು ಆದಾಗ ಸೋಮ ಬೇಲಿಯಾಚೆಯಿಂದ "ಸಾಕ್!" ಎಂದು ಕೂಗಿದ. ಅದೇ ಕ್ಷಣದಲ್ಲಿ ಮಾಸ್ಟ್ರೂ ಕೈ ಎತ್ತಿ ಸಾಕು ಎಂದರು. ಸೋಮನಿಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಜಿತೇಂದ್ರ ಮಾಸ್ಟ್ರು ಬಂದು ಭೋಜ ಶೆಟ್ಟರ ಎದುರು ನಿಂತರು. "ಇಂಥ ಕೈ ನಾನು ನೋಡಿಲ್ಲ. ಆದರೆ ಈ ವರ್ಷ ತಂಡಕ್ಕೆ ಹಾಕುವುದಿಲ್ಲ. ಇನ್ನೂ ಎಳೆಯ ಹುಡುಗಿ. ಪ್ರತಿ ಭಾನುವಾರ ಇಲ್ಲಿ ಶಿಬಿರಕ್ಕೆ ಬರಲಿ. ಎರಡು ವರ್ಷ ಬೆಳೆಯಲಿ. ಈಗಲೇ ಅವಸರ ಮಾಡಿದರೆ ಕೈ ಹಾಳಾಗುತ್ತದೆ."

ಹದಿನೆಂಟು ವರ್ಷದಿಂದ ಸೋಮ ಯಾವುದನ್ನು ಯಾರ ಬಾಯಿಂದಾದರೂ ಕೇಳಬೇಕೆಂದು ಕಾದಿದ್ದನೋ ಅದೇ ಮಾತು, ಅಕ್ಷರಕ್ಕೆ ಅಕ್ಷರ.

"ಎಂತ ಹಾಳಾತ್ತ್?" ಎಂದು ಸೋಮ ಬೇಲಿ ಹಾರಿ ಬಂದ. "ದಿನಕ್ಕೆ ಇನ್ನೂರ್ ಕಲ್ಲ್ ಹೊಡ್ದ್ ಕೈ ಅದ್! ಎರಡ್ ವರ್ಷ ಯಾರಿಗೆ ಬೇಕ್? ಈಗ್ಲೇ ತಕಣಿ! ಇವತ್ತೇ ಹತ್ತ್ಸಿ! ಇಂಥ ಹೆಣ್ಣನ್ನ ಕಾಯ್ಸುಕೆ ನಿಮ್ಗೆ ತಲೆ ಸಮ ಇತ್ತಾ?"

ಮಾಸ್ಟ್ರು ಅವನ ಟೊಪ್ಪಿಯನ್ನೂ ಅಂಗಿಯನ್ನೂ ನೋಡಿ, ಸಮಾಧಾನದಿಂದ ಹೆಗಲ ಮೇಲೆ ಕೈಯಿಟ್ಟರು. "ಅಣ್ಣ, ನೀವು ಕ್ರಿಕೆಟ್ಟಿನವರು ಅಂತ ಕಾಣುತ್ತದೆ. ಈ ಆಟ ಬೇರೆ. ನಿಮಗೆ ಅರ್ಥವಾಗುವುದಿಲ್ಲ."

ಸೋಮ ಟೊಪ್ಪಿ ತೆಗೆದು ಓಮ್ನಿಯ ಕಡೆ ನಡೆದ.

ವಾಪಸು ಬರುವಾಗ ಸಾಸ್ತಾನದ ಟೋಲಿನಲ್ಲಿ ವಾಹನಗಳ ಸಾಲು ಉದ್ದವಿತ್ತು. ಶೆಟ್ಟರ ಫೋನು ರಿಂಗಾಯಿತು. ದುಗ್ಗಪ್ಪ: "ಶೆಟ್ರೆ, ಏಳ್ ಜನದ್ದೂ ಇಪ್ಪತ್ತೈದ್ ಮುಗಿತ್. ಮಂಗ ನಿಮ್ಮ್ ಮನೆ ಮಾಡಿನ್ ಮೇಲೆ ಕೂತಿತ್ತ್. ಇನ್ನ್ ಎಂತ ಮಾಡುದ್? ಆರ್ಡರ್ ಇನ್ನೂ ರದ್ದಾಯ್ಲಿಲ್ಲೆ." ಶೆಟ್ಟರು ಫೋನು ಇಟ್ಟರು.

ಸೋಮ ಮುಂದಿನ ಸೀಟಿನಲ್ಲಿ ಟೊಪ್ಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಹಿಂದಿನಿಂದ ಅಕ್ಷಯಾ ಮೆಲ್ಲಗೆ ಕೇಳಿದಳು. ಅವಳ ಮುಖದಲ್ಲಿ ಬೇಸರ ಇರಲಿಲ್ಲ, ಪ್ರತಿ ಭಾನುವಾರದ ಶಿಬಿರದ ಖುಷಿ ಇತ್ತು.

"ಸೋಮಣ್ಣ, ಮಾಸ್ಟ್ರ್ ಹೇಳಿದ್ದ್ ನಿಮ್ಮ್ ಮಾತೇ ಅಲ್ದಾ? ಮರಿ ಬೆಳಿಲಿ ಅಂಬುದ್?"

ಎರಡು ಲಾರಿ ಮುಂದೆ ಹೋದವು. ಓಮ್ನಿ ಸ್ವಲ್ಪ ಜರುಗಿತು.

"ಹೌದ್ ಮಾರಾಯ್ತಿ," ಎಂದ ಸೋಮ. "ಆದ್ರೆ ಅದನ್ನ ನಾನ್ ಇಷ್ಟ್ ವರ್ಷ ಬೇರೆಯವ್ರ್ ಮಕ್ಕಳಿಗೆ ಹೇಳಿದ್ದ್."

ಅಕ್ಷಯಾ ಚೆಂಡನ್ನು ಸೋಮನಿಗೆ ಮರಳಿಸಲು ಮುಂದೆ ಚಾಚಿದ್ದವಳು ಕೈ ಹಿಂದಕ್ಕೆ ತೆಗೆದುಕೊಂಡು ಅದನ್ನು ತನ್ನ ಚೀಲದೊಳಗೆ ಇಟ್ಟಳು. ಭೋಜ ಶೆಟ್ಟರು ಪಕ್ಕದಲ್ಲಿ ಕೂತ ಮೀನಿನವನನ್ನು ಒಮ್ಮೆ ತಿರುಗಿ ನೋಡಿ, ಮತ್ತೆ ರಸ್ತೆ ನೋಡಿದರು.

"ನಾಳಿದ್ದ್ ಬೆಳಿಗ್ಗೆ ಬೇಗ ಬಾ ಸೋಮ," ಎಂದರು. "ಇಪ್ಪತ್ತೈದ್ ಎಣ್ಸುಕೆ ಜನ ಬೇಕಲೆ."